ಲೆಪ್ಟಿನ್, ಅಡಿಪೊನೆಕ್ಟಿನ್ ಇರೋ 'ಹಾರ್ಟ್ ಪ್ಯಾಕೇಜ್' ಮಾಡಿಸಿದ್ವಿ, 2/5

ಲ್ಯಾಬ್ ಹೆಸ್ರು ಹಾಕಲ್ಲ, ಇಂಥ ಪ್ಯಾಕೇಜ್ ಈಗ ಸುಮಾರ್ ಕಡೆ ಮಾರ್ತಿದಾರೆ. ಮಾಮೂಲಿ ಲಿಪಿಡ್ ಪ್ರೊಫೈಲು, ಶುಗರು, ಅದ್ರ ಮೇಲೆ ಮೈಯ ಕೊಬ್ಬಿಂದ ಬರೋ ಹಾರ್ಮೋನ್ ಎರಡು (ಲೆಪ್ಟಿನ್, ಅಡಿಪೊನೆಕ್ಟಿನ್) ಸೇರ್ಸಿ ರೇಟ್ ಎಲ್ಲಿಗೋ ಏರ್ಸಿರ್ತಾರೆ. ನಮ್ ಭಾವನಿಗೆ ಮಾಡ್ಸಿದ್ದು, ಕೈಕಾಲು ಸಣ್ಣ, ತೂಕಾನೂ ಜಾಸ್ತಿ ಇಲ್ಲ, ಹೊಟ್ಟೆ ಮಾತ್ರ ಮುಂದೆ, ಬಿಪಿ ಮಾತ್ರೆ ನಡೀತಿದೆ.

ಬ್ಲಡ್ ತಗೊಳಕ್ಕೆ ಬಂದ ಹುಡ್ಗ ಹೇಳಿದ್ ಟೈಮಿಗೇ ಬಂದ, ಸೂಜಿ ಚುಚ್ಚಿದ್ದೂ ಗೊತ್ತಾಗ್ಲಿಲ್ಲ ಅಂದ್ರು ಭಾವ. ಆ ಎರಡು ಸ್ಟಾರ್ ಅವನಿಗೇ.

ರಿಪೋರ್ಟ್ ನೋಡಿ, ಬಣ್ಣಬಣ್ಣದ ಗ್ರಾಫು, ಲೆಪ್ಟಿನ್ ಕೆಂಪು, ಅಡಿಪೊನೆಕ್ಟಿನ್ ಕೆಂಪು, ವಿವರಣೆ ಅಂತ ಒಂದ್ ಸಾಲೂ ಇಲ್ಲ. ವಿಷಯ ಏನೋ ಸುಳ್ಳಲ್ಲ. ಕೊಬ್ಬು ಅಂದ್ರೆ ಸುಮ್ನೆ ಗೋಡೌನ್ ಅನ್ಕೊಂಡಿದ್ದ ಕಾಲದಲ್ಲಿ, 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಜೀನ್ ಕಂಡುಹಿಡಿದ್ಮೇಲೆ ಕೊಬ್ಬೂ ಹಾರ್ಮೋನ್ ಬಿಡೋ ಒಂದು ಗ್ರಂಥಿ ಥರಾನೇ ಅಂತ ಗೊತ್ತಾಗಿದ್ದು. ಕೊಬ್ಬು ಜಾಸ್ತಿ ಆದಷ್ಟೂ ಲೆಪ್ಟಿನ್ ಜಾಸ್ತಿ, ಆದ್ರೆ ಅದು ಹೇಳೋ 'ಊಟ ಸಾಕು' ಅನ್ನೋ ಮಾತನ್ನ ಮಿದುಳು ಕೇಳೋದು ನಿಲ್ಸುತ್ತೆ, ಬಿಪಿ ಏರ್ಸೋ ನರಗಳು ಮಾತ್ರ ಕೇಳ್ತಾನೇ ಇರ್ತವೆ. ರಕ್ತನಾಳದ ಒಳಪದರ ಕಾಯೋ ಅಡಿಪೊನೆಕ್ಟಿನ್ ಉಲ್ಟಾ, ಹೊಟ್ಟೆ ಬೆಳೆದಷ್ಟೂ ಕಮ್ಮಿ ಆಗುತ್ತೆ. ಹೊಟ್ಟೆ ಒಳಗಿನ ಕೊಬ್ಬಿಂದ ಹೊರಡೋ ಐಎಲ್-6 ಅನ್ನೋ ಉರಿಯೂತದ ಸಂದೇಶ ಸೀದಾ ಲಿವರ್‌ಗೆ ಹೋಗಿ ಅಲ್ಲಿಂದ ಸಿಆರ್‌ಪಿ (ಉರಿಯೂತ ತೋರ್ಸೋ ಪ್ರೋಟೀನು) ಬಿಡ್ಸುತ್ತೆ, ಪಿಎಐ-1 ಅನ್ನೋದು ಹೆಪ್ಪುಗಟ್ಟಿದ ರಕ್ತ ಕರಗೋಕೆ ಬಿಡಲ್ಲ. ರಕ್ತನಾಳ ಬಿಗಿಯಾಗಿಸೋ ಆಂಜಿಯೊಟೆನ್ಸಿನ್‌ಗೆ ಬೇಕಾದ ಕಚ್ಚಾಮಾಲನ್ನೂ ಕೊಬ್ಬು ಒಂದಷ್ಟು ತಯಾರು ಮಾಡುತ್ತೆ, ಭಾವ ತಗೊಳ್ಳೋ ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ತಡಿಯೋದೂ ಆ ಆಂಜಿಯೊಟೆನ್ಸಿನ್ ಕೆಲಸಾನೇ.

ಸರಿ, ಇಷ್ಟೆಲ್ಲ ಇದ್ರೂ ಟೆಸ್ಟ್ ಯಾಕೆ ದಂಡ ಅಂತೀನಿ ಅಂದ್ರೆ, ನಂಬರ್ ಬಂದ್ಮೇಲೆ ಮಾಡೋದೇನು? ಲೆಪ್ಟಿನ್ ರಾತ್ರಿ ಒಂದ್ ಥರ ಬೆಳಿಗ್ಗೆ ಒಂದ್ ಥರ, ಹೆಂಗಸರಿಗೆ ಗಂಡಸರಿಗಿಂತ ಜಾಸ್ತಿ ಇರೋದೇ ಸಹಜ. ಅಡಿಪೊನೆಕ್ಟಿನ್ ಜಾಸ್ತಿ ಇದ್ರೆ ಒಳ್ಳೇದು ಅಂತ ರಿಪೋರ್ಟ್ ಹಸಿರು ಬಣ್ಣದಲ್ಲಿ ತೋರ್ಸುತ್ತೆ, ಆದ್ರೆ ಈಗಾಗ್ಲೇ ಹಾರ್ಟ್ ಫೇಲ್ಯೂರ್ ಇರೋರಲ್ಲಿ ಅದು ಜಾಸ್ತಿ ಇದ್ದೋರ ಸ್ಥಿತೀನೇ ಕೆಟ್ಟದಾಗಿರೋದು ಕಂಡುಬಂದಿದೆ! ಡಾಕ್ಟ್ರಿಗೆ ತೋರಿಸಿದ್ರೆ ಆ ಎರಡು ಪೇಜು ಹಂಗೇ ತಿರುವಿಹಾಕಿ, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಕೊಬ್ಬು) ನೋಡಿ, ಡ್ರಾಯರಿಂದ ಟೇಪ್ ತೆಗೆದು ಸೊಂಟ ಅಳೆದ್ರು. ನಮ್ಮ ಕಡೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದಕ್ಕಿಂತ ಜಾಸ್ತಿ ಇದ್ರೆ ತೂಕ ಸರಿ ಇದ್ರೂ ಹುಷಾರಾಗಿರ್ಬೇಕು ಅಂದ್ರು. ಭಾವ ಟೇಪ್ ನೋಡೋಕೆ ಮುಂಚೇನೇ ಉಸಿರು ಒಳಗೆ ಎಳ್ಕೊಂಡಿದ್ರು, "ಬಿಡ್ರೀ ಉಸಿರು" ಅಂತ ಬೈಸ್ಕೊಂಡ್ರು.

ಬೇಜಾರಾಗಿದ್ದು ಆಮೇಲೆ ಬಂದ ಫೋನು. 'ನಿಮ್ಮ ಅಡಿಪೊನೆಕ್ಟಿನ್ ಡೇಂಜರ್ ಇದೆ ಸಾರ್' ಅಂತ ಹೆದ್ರಿಸಿ ಒಂದು ಪೌಡರ್ ಮಾರೋಕೆ ನೋಡಿದ್ರು, ಅದ್ರಲ್ಲಿ ಏನಿದೆ ಅಂದ್ರೆ ಉತ್ತರ ಇಲ್ಲ. ಹೊಟ್ಟೆ ಕರಗಿದ್ರೆ ಅಡಿಪೊನೆಕ್ಟಿನ್ ತಾನಾಗೇ ಏರುತ್ತೆ ಸ್ವಾಮಿ, ಡಬ್ಬಿ ಯಾಕೆ?

ರಿಸರ್ಚ್ ಮಾಡೋರಿಗೆ ಈ ಟೆಸ್ಟ್ ಬೇಕು, ಮನೆಯವ್ರಿಗೆ ಬುಕ್ ಮಾಡೋ ಮುಂಚೆ ಲಿಪಿಡ್, ಎಚ್‌ಬಿಎ1ಸಿ (ಎರಡ್ಮೂರು ತಿಂಗಳ ಸರಾಸರಿ ಶುಗರು), ಬಿಪಿ ನೋಡ್ಸಿ, ಡಾಕ್ಟ್ರು ಹೇಳಿದ್ರೆ ಲೈಫಲ್ಲಿ ಒಂದ್ಸಲ ಲಿಪೊಪ್ರೋಟೀನ್(ಎ), ಅಂದ್ರೆ ವಂಶದಿಂದ ಬರೋ ಒಂಥರಾ ಕೊಲೆಸ್ಟ್ರಾಲ್ ಕಣ. ಮಿಕ್ಕ ದುಡ್ಡಲ್ಲಿ ಭಾವನಿಗೆ ವಾಕಿಂಗ್ ಶೂ ಕೊಡಿಸ್ಬಹುದಿತ್ತು, ಹಾಕ್ಕೊಳ್ತಾರೋ ಇಲ್ವೋ ಬೇರೆ ಮಾತು.