ರೇಷ್ಮೆ ಗೂಡನ್ನು ಹಾಗೇ ಅಂಟಿಸಬೇಡಿ, ನನ್ನ ಐದು ಪುಸ್ತಕ ಹೋದವು

ಮೊದಲು ವಿಷಯ ಹೇಳಿಬಿಡುತ್ತೇನೆ. ಕೈಯಲ್ಲಿ ಹೊಲಿದು ಮಾಡುವ ಆರ್ಟ್ ಜರ್ನಲ್‌ಗೆ (ಬಣ್ಣ, ಫೋಟೊ, ನೆನಪಿನ ಚೀಟಿಗಳನ್ನು ಸೇರಿಸಿ ಮಾಡುವ ಪುಸ್ತಕಕ್ಕೆ) ಅಲಂಕಾರಕ್ಕೆಂದು ರೇಷ್ಮೆ ಗೂಡು ಅಂಟಿಸುವ ಆಸೆ ನಿಮಗಿದ್ದರೆ, ಗೂಡನ್ನು ಕತ್ತರಿಸಿ, ಒಳಗಿನ ಹುಳು ತೆಗೆದು, ತೊಳೆದು ಒಣಗಿಸಿದ ಮೇಲೆಯೇ ಅಂಟಿಸಿ. ಹುಳು ಸತ್ತಿದೆ, ಬಿಸಿಲಲ್ಲಿ ಒಣಗಿದೆ, ಮೇಲೆ ವಾರ್ನಿಷ್ ಹೊಡೆದಿದ್ದೇನೆ ಅನ್ನುವ ಧೈರ್ಯ ಬೇಡ. ಆ ಧೈರ್ಯದಲ್ಲೇ ನಾನು ಐದು ಪುಸ್ತಕ ಕಳೆದುಕೊಂಡೆ. ಅದರಲ್ಲೊಂದು ನಮ್ಮಪ್ಪನ ಪುಸ್ತಕ.

ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹುಳುವಿಗೇ ಜಾಗ ಹೆಚ್ಚು. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲೆ ಹುಳು ಸೊಪ್ಪು ತಿನ್ನುವ ಸದ್ದು ರಾತ್ರಿಯೆಲ್ಲಾ ಸಣ್ಣ ಮಳೆ ಬಿದ್ದ ಹಾಗೆ ಕೇಳುತ್ತಿತ್ತು. ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾದ ದಿನ ಶಾಲೆಗೆ ರಜೆ. ಅಕ್ಕ, ನಾನು, ಅಜ್ಜಿ ಎಲ್ಲರೂ ಕೂತು ಹುಳು ಆಯ್ದು ಚಂದ್ರಂಕಿಗೆ, ಅಂದರೆ ಅವು ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡುತ್ತಿದ್ದೆವು. ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಗೂಡಿನ ಮಾರುಕಟ್ಟೆಯ ಹಳೆಯ ಬಿಲ್ಲುಗಳ ಕಟ್ಟು ಸಿಕ್ಕಿತು. ತೂಕ, ದರ, ಲಾಟ್ ನಂಬರು. ಕೆಲವು ಬಿಲ್ಲಿನ ಹಿಂದೆ ಅಪ್ಪ ಪೆನ್ಸಿಲಿನಲ್ಲಿ ಬರೆದುಕೊಂಡ ಮನೆ ಸಾಮಾನಿನ ಲೆಕ್ಕ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ ಆ ಬಿಲ್ಲುಗಳ ಮೇಲೆ ಇನ್ನೂ ಕೋಲಾರ ಜಿಲ್ಲೆ ಅಂತಲೇ ಇತ್ತು. ಇವನ್ನೆಲ್ಲ ಸೇರಿಸಿ ಒಂದು ಪುಸ್ತಕ ಮಾಡಬೇಕು ಅನ್ನಿಸಿತು.

ಮಾಡಿದೆ, ಮನಸ್ಸಿಟ್ಟು ಮಾಡಿದೆ. ದಪ್ಪ ಕಾಗದವನ್ನು ನಾಲ್ಕು ನಾಲ್ಕು ಹಾಳೆಯಂತೆ ಮಡಚಿ, ದಬ್ಬಳದಲ್ಲಿ ತೂತು ಹಾಕಿ, ಮೇಣ ಸವರಿದ ದಾರದಿಂದ ಹೊಲಿದೆ. ಪುಟಗಳಿಗೆ ತೆಳ್ಳಗೆ ಜೆಸ್ಸೊ ಅನ್ನುವ ಬಿಳಿ ತಳಬಣ್ಣ ಬಳಿದು ಒಣಗಿಸಿದೆ. ಹಿಪ್ಪುನೇರಳೆ ಎಲೆಯ ಬೆನ್ನಿಗೆ ಹಸಿರು ಅಕ್ರಿಲಿಕ್ ಬಣ್ಣ ಸವರಿ, ಪುಟಕ್ಕೆ ಒತ್ತಿ, ನರನರವೂ ಕಾಣುವ ಹಾಗೆ ಅಚ್ಚು ತೆಗೆದೆ. ಅದರ ಮೇಲೆ ಬಿಲ್ಲುಗಳು, ಅಪ್ಪನ ಒಂದು ಫೋಟೊ, ಅಜ್ಜಿಯ ಮದುವೆ ಸೀರೆಯ ಸೆರಗಿನಿಂದ ಅಂಗೈಯಗಲದ ಒಂದು ತುಂಡು. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಸೇರಿಸಿದ್ದೆ. ಹಳೆಯ ಬೈಂಡರುಗಳು ಹುಳು ಬರದಿರಲಿ ಅಂತ ಹಾಗೇ ಮಾಡುತ್ತಿದ್ದರು. ಅಂಟು ನಸುನೀಲಿಯಾಗಿದ್ದು ನೋಡಿ, ಇನ್ನು ಹುಳುವಿನ ಚಿಂತೆಯಿಲ್ಲ ಅಂತ ಸಮಾಧಾನಪಟ್ಟುಕೊಂಡಿದ್ದೆ. ಅಂಟಿನಲ್ಲಿರುವ ವಿಷ ಅಂಟನ್ನಷ್ಟೇ ಕಾಯುತ್ತದೆ ಅನ್ನುವುದು ಆಗ ಹೊಳೆಯಲಿಲ್ಲ.

ಕೊನೆಗೆ ರಟ್ಟಿನ ಮೇಲೆ ಗೂಡುಗಳು. ಮಿಶ್ರತಳಿಯ ಹಳದಿ, ದ್ವಿತಳಿಯ ಬಿಳಿ, ಎರಡೂ ಬೆರೆಸಿ ಹೂವಿನ ಆಕಾರ.

ಗೂಡು ಕೊಟ್ಟದ್ದು ನಮ್ಮ ಚಿಕ್ಕಮ್ಮ. ಅವರು ಈಗಲೂ ಹುಳು ಮೇಯಿಸುತ್ತಾರೆ. ಮಾರುಕಟ್ಟೆಗೆ ಹೋಗದೆ ಉಳಿದ ಗೂಡನ್ನು ಒಂದು ಚೀಲದಲ್ಲಿ ಹಾಕಿಟ್ಟಿದ್ದರು: ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು, ಕಲೆಯಾದದ್ದು, ಊಜಿ ತೂತಿನದ್ದು. ಊಜಿ ನೊಣದ ಕಾಟ ರೇಷ್ಮೆ ಮನೆಯವರಿಗೆ ಹೇಳಬೇಕಿಲ್ಲ. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದದ್ದು ಇವತ್ತಿಗೂ ಹೋಗಿಲ್ಲ. ಅದರ ಮರಿ ಹುಳುವಿನೊಳಗೇ ಬೆಳೆದು, ಗೂಡು ಕಟ್ಟಿದ ಮೇಲೆ ಕೊರೆದುಕೊಂಡು ಹೊರಗೆ ಬರುತ್ತದೆ. ಎಳೆ ತುಂಡಾದ ಗೂಡಿನಿಂದ ನೂಲು ಬಿಚ್ಚಲಾಗದು, ಆದ್ದರಿಂದ ಬೆಲೆಯೂ ಇಲ್ಲ. ‘ಬಿಸಾಕೋದನ್ನ ನೀನಾದ್ರೂ ಉಪಯೋಗಿಸ್ಕೊಳ್ಳವ್ವ’ ಅಂದರು ಚಿಕ್ಕಮ್ಮ. ತಾರಸಿ ಮೇಲೆ ಮೂರು ದಿನ ಬಿಸಿಲಿಗೆ ಹಾಕಿದೆ. ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಒಣಗಿದ ಹುಳು ಗೆಜ್ಜೆಯ ಕಾಳಿನಂತೆ ಸದ್ದು ಮಾಡುತ್ತಿತ್ತು. ಸತ್ತಿದೆ, ಒಣಗಿದೆ, ಇನ್ನೇನು ಆಗಲು ಸಾಧ್ಯ ಅಂದುಕೊಂಡೆ.

ನಾನು ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಜರ್ನಲ್ ಮಾಡುವ ಒಂದು ದಿನದ ತರಗತಿಗೆ ಹೋಗಿದ್ದೆ. ಅಲ್ಲಿ ಕಲಿಸಿದವರನ್ನೇ ಕೇಳಿದೆ, ಗೂಡನ್ನು ಹಾಗೇ ಅಂಟಿಸಬಹುದಾ ಅಂತ. ‘ಎರಡು ಕೋಟ್ ವಾರ್ನಿಷ್ ಹೊಡೀರಿ, ಸೀಲ್ ಆಗುತ್ತೆ’ ಅಂದರು. ಅವರ ಹೆಸರು ಬರೆಯುವುದಿಲ್ಲ. ಆದರೆ ಗೂಡಿನೊಳಗೆ ಏನಿರುತ್ತದೆ ಅಂತ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕಿತ್ತು. ಆ ಮಾತು ನಂಬಿ ಅಪ್ಪನ ಪುಸ್ತಕವಷ್ಟೇ ಅಲ್ಲ, ಇನ್ನೂ ಹತ್ತು ಜರ್ನಲ್ ಮಾಡಿದೆ. ಆರು ಶಿವರಾತ್ರಿಯಲ್ಲಿ ನಂದಿಯ ಭೋಗನಂದೀಶ್ವರ ಜಾತ್ರೆಗೆ ಹೋದಾಗ ಗೆಳತಿಯ ಅಂಗಡಿಯಲ್ಲಿಟ್ಟು ಮಾರಿದೆ. ನಾಲ್ಕು ಉಳಿದವು. ಅವನ್ನೂ ಅಪ್ಪನ ಪುಸ್ತಕವನ್ನೂ ಹಳೆಯ ಪಂಚೆಯಲ್ಲಿ ಸುತ್ತಿ ಅದೇ ಟ್ರಂಕಿನಲ್ಲಿಟ್ಟೆ.

ಜೂನ್‌ನಲ್ಲಿ ಅಕ್ಕ ಊರಿಂದ ಬಂದಾಗ ಅಪ್ಪನ ಪುಸ್ತಕ ತೋರಿಸೋಣ ಅಂತ ಟ್ರಂಕು ತೆಗೆದೆ. ಮೊದಲು ಬಂದದ್ದು ವಾಸನೆ. ನೂಲು ಬಿಚ್ಚಾಣಿಕೆ ಮನೆಗಳ ಮುಂದೆ ನಡೆದು ಹೋದವರಿಗೆ ಆ ವಾಸನೆ ಗೊತ್ತು, ಅದರದೇ ಹಳಸಿದ ರೂಪ. ಪಂಚೆ ಬಿಚ್ಚಿದರೆ ಮಡಿಲಿಗೆ ಕಂದು ಪುಡಿ ಸುರಿಯಿತು, ರಾಗಿ ಹಿಟ್ಟಿಗಿಂತ ಸ್ವಲ್ಪ ತರಿ. ಪುಡಿಯ ನಡುವೆ ಕೂದಲು ಕೂದಲಾದ ಖಾಲಿ ಪೊರೆಗಳು, ಅಕ್ಕಿಕಾಳಿನಷ್ಟುದ್ದ. ಒಂದೆರಡು ಇನ್ನೂ ಹರಿದಾಡುತ್ತಿದ್ದವು. ಅಕ್ಕ ಟ್ರಂಕನ್ನು ಅಂಗಳಕ್ಕೆ ಎಳೆದಳು.

ರಟ್ಟಿನ ಮೇಲಿದ್ದ ಗೂಡುಗಳಿಗೆ ಮೇಲಿನಿಂದ ಏನೂ ಆಗಿರಲಿಲ್ಲ, ವಾರ್ನಿಷ್ ಹೊಳೆಯುತ್ತಲೇ ಇತ್ತು. ಕೊರೆದದ್ದು ಕೆಳಗಡೆಯಿಂದ. ಗೂಡಿನ ತಳ, ಅದರ ಕೆಳಗಿನ ರಟ್ಟು, ಅದರ ಕೆಳಗಿನ ಪುಟಗಳು, ಒಂದೇ ನೇರಕ್ಕೆ ಪೆನ್ಸಿಲ್ ತೂರಿಸಿದಂಥ ತೂತು. ಎಣಿಸಿದೆ, ಇಪ್ಪತ್ತಮೂರು ಹಾಳೆ. ಹದಿನಾರನೆಯದರಲ್ಲಿ ಅಪ್ಪನ ಫೋಟೊ ಇತ್ತು. ತೂತು ಭುಜದ ಮೇಲೆ ಹಾದುಹೋಗಿತ್ತು, ಮುಖ ಉಳಿದಿದೆ. ಅಜ್ಜಿಯ ಸೆರಗಿನಲ್ಲಿ ರೇಷ್ಮೆ ಎಲ್ಲೆಲ್ಲಿತ್ತೋ ಅಲ್ಲೆಲ್ಲ ತಿಂದು, ಜರಿ ಮಾತ್ರ ಬಿಟ್ಟಿದ್ದವು. ಬೆರಳಿಟ್ಟರೆ ಜರಿಯ ಎಳೆಗಳು ಜೇಡರ ಬಲೆಯಂತೆ ಮೇಲೆದ್ದವು. ಅದನ್ನು ನೋಡಿ ಅಕ್ಕ ಅತ್ತಳು, ನಾನೂ ಅತ್ತೆ.

ಮಾರನೆಯ ದಿನ ಪುಡಿಯನ್ನೂ ಒಂದು ಹುಳುವನ್ನೂ ಸೀಸೆಯಲ್ಲಿ ಹಾಕಿಕೊಂಡು ಶಿಡ್ಲಘಟ್ಟಕ್ಕೆ ಹೋದೆ. ಅಪ್ಪನಿಗೆ ಪರಿಚಯದ ಒಬ್ಬ ಹಿರಿಯ ರೀಲರ್ (ಗೂಡಿನಿಂದ ನೂಲು ತೆಗೆಯುವವರು) ಇದ್ದಾರೆ, ನಾವು ಚಾಚಾ ಅಂತಲೇ ಕರೆಯುವುದು. ಸೀಸೆ ಬೆಳಕಿಗೆ ಹಿಡಿದು ನೋಡಿದರು. ‘ಒಳಗಿನ ಹುಳ ತೆಗೀಲಿಲ್ವಾ ಬೇಟಿ?’ ಅಂದರು. ‘ಬಿಸಿಲಿಗೆ ಹಾಕಿದ್ದೆ ಚಾಚಾ, ಸತ್ತಿತ್ತು.’ ‘ಸತ್ತ ಹುಳಾನೇ ಇದರ ಊಟ. ಗೋಡೌನಲ್ಲಿ ಹಳೇ ಗೂಡು ಉಳಿದ್ರೆ ನಮಗೂ ಇದೇ ಕಾಟ.’

ಅದು ಡರ್ಮೆಸ್ಟಿಡ್ ಜಾತಿಯ ಜೀರುಂಡೆ. ಸತ್ತ ಪ್ರಾಣಿ, ಚರ್ಮ, ಉಣ್ಣೆ, ಗರಿ, ರೇಷ್ಮೆ, ಹೀಗೆ ಪ್ರಾಣಿಮೂಲದ ಒಣ ಪದಾರ್ಥವೇ ಅದರ ಆಹಾರ. ಹಸಿ ಗೂಡಿನ ತೂಕದಲ್ಲಿ ರೇಷ್ಮೆಯ ಹೊದಿಕೆ ಹೆಚ್ಚುಕಡಿಮೆ ಐದರಲ್ಲೊಂದು ಪಾಲು, ಉಳಿದದ್ದೆಲ್ಲ ಒಳಗಿನ ಹುಳು. ಒಣಗಿದ ಮೇಲೂ, ಹೂವಿನ ಅಲಂಕಾರ ಅಂತ ನಾನು ಅಂಟಿಸಿದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಒಣಗಿದ ಮಾಂಸ. ಚೀಲದಲ್ಲಿ ತಿಂಗಳುಗಟ್ಟಲೆ ಇದ್ದ ತೂತುಗೂಡಿನಲ್ಲಿ ಮೊಟ್ಟೆ ಮೊದಲೇ ಇತ್ತು ಅನ್ನಿಸುತ್ತದೆ. ಹಾಗಿದ್ದರೆ ವಾರ್ನಿಷ್ ಅದನ್ನು ಒಳಗೇ ಜೋಪಾನ ಮಾಡಿತು. ಕಾಗದ ಇವುಗಳ ಆಹಾರವಲ್ಲ, ಆದರೂ ಪುಟ ಯಾಕೆ ಕೊರೆದವು ಅಂದರೆ, ಮರಿಹುಳು ಬಲಿತ ಮೇಲೆ, ಜೀರುಂಡೆಯಾಗುವ ಮುನ್ನ ಕೋಶವಾಗಿ ಕೂರಲು ಭದ್ರ ಜಾಗ ಹುಡುಕುತ್ತದೆ. ಮರವಾಗಲಿ ರಟ್ಟಾಗಲಿ ಪುಸ್ತಕವಾಗಲಿ, ಸಿಕ್ಕಿದ್ದರೊಳಗೆ ಕೊರೆದುಕೊಂಡು ಹೋಗುತ್ತದೆ. ಬೇಸಿಗೆಯ ಬಿಸಿಗೆ ಒಂದೂವರೆ ಎರಡು ತಿಂಗಳಲ್ಲಿ ಒಂದು ತಲೆಮಾರು ಮುಗಿಯುತ್ತದೆ. ಶಿವರಾತ್ರಿಯಿಂದ ಜೂನ್‌ವರೆಗೆ ಎಷ್ಟು ತಲೆಮಾರಾಯಿತೋ ನೀವೇ ಲೆಕ್ಕ ಹಾಕಿ.

ಮಾರಿದ ಆರರ ಪೈಕಿ ನಾಲ್ವರನ್ನು ಹುಡುಕಿ ಮಾತಾಡಿದೆ. ಮೂವರದು ಮೇಜಿನ ಮೇಲಿತ್ತು, ತೊಂದರೆ ಇನ್ನೂ ಶುರುವಿನಲ್ಲಿತ್ತು. ಚಿಂತಾಮಣಿಯ ಒಬ್ಬರು ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಮೇಲೇ ಇಟ್ಟಿದ್ದರು. ಎರಡು ಸೀರೆ ತೂತಾಗಿತ್ತು. ಒಂದನ್ನು ರಫೂ ಮಾಡಿಸಿಕೊಟ್ಟೆ, ಇನ್ನೊಂದು ರಫೂಗೂ ಸಿಗಲಿಲ್ಲ. ಅವರು ಒಂದು ಕಟು ಮಾತೂ ಆಡಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು.

ನಿಮ್ಮ ಮನೆಯಲ್ಲಿ ಈಗಾಗಲೇ ಗೂಡು ಅಂಟಿಸಿದ ಜರ್ನಲ್, ಫ್ರೇಮು, ತೋರಣ, ಹಾರ ಏನಾದರೂ ಇದ್ದರೆ ಬಿಳಿ ಕಾಗದದ ಮೇಲೆ ಮೆಲ್ಲಗೆ ಕುಟ್ಟಿ ನೋಡಿ. ಕಂದು ಪುಡಿಯೋ ಕೂದಲಿನ ಪೊರೆಯೋ ಬಿದ್ದರೆ ತಕ್ಷಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಗಾಳಿ ತೆಗೆದು, ಟೇಪ್ ಹಾಕಿ ಮುಚ್ಚಿ. ಆಮೇಲೆ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ. ಹಳೆಯ ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಖಾನೆ ಅಷ್ಟು ತಣ್ಣಗಾಗದಿರಬಹುದು. ಐಸ್‌ಕ್ರೀಮ್ ಕಲ್ಲಿನಂತೆ ಗಟ್ಟಿಯಾಗದಿದ್ದರೆ ಆ ಫ್ರೀಜರನ್ನು ನಂಬಬೇಡಿ. ಹೊರಗೆ ತೆಗೆದ ಮೇಲೆ ಒಂದು ಪೂರ್ತಿ ದಿನ ಕವರು ಬಿಚ್ಚಬಾರದು. ಬಿಚ್ಚಿದರೆ ಹೊರಗಿನ ತೇವವೆಲ್ಲ ತಣ್ಣನೆಯ ಪುಟದ ಮೇಲೆ ನೀರಾಗಿ ಕೂರುತ್ತದೆ. ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ: ಅಕ್ರಿಲಿಕ್ ಬಣ್ಣ ಚಳಿಗೆ ಗಾಜಿನಂತೆ ಪೆಡಸಾಗುತ್ತದೆ. ಆತುರಕ್ಕೆ ಫ್ರೀಜರಿನಿಂದ ತೆಗೆದ ಕೂಡಲೇ ಪುಟ ಮಗುಚಿದೆ, ಹಿಪ್ಪುನೇರಳೆ ಎಲೆಯ ಅಚ್ಚು ಮಡಿಕೆಯ ಉದ್ದಕ್ಕೂ ಬಿರಿಯಿತು. ಹುಳು ಬಿಟ್ಟಿದ್ದನ್ನು ನಾನೇ ಒಡೆದೆ.

ಈಗ ಗೂಡು ಬಳಸುವಾಗ ನಾನು ಮಾಡುವುದಿಷ್ಟು. ತೂತಿನದು, ಕಲೆಯಿರುವುದು, ಹುಳು ಒಳಗೇ ಕೊಳೆತು ಕರಗಿದ್ದು ಮುಟ್ಟುವುದೇ ಇಲ್ಲ. ಒಳ್ಳೆಯ ಗೂಡಿನ ಒಂದು ತುದಿಯನ್ನು ಹರಿತ ಬ್ಲೇಡಿನಿಂದ ಕೊಯ್ದು ಹುಳು ಉದುರಿಸುತ್ತೇನೆ. ಹುಳುವಿನ ಜೊತೆ ಅದು ಕೊನೆಯ ಸಲ ಕಳಚಿದ ಪೊರೆಯೂ ಒಳಗೇ ಸುಕ್ಕಾಗಿ ಅಂಟಿಕೊಂಡಿರುತ್ತದೆ, ಅದನ್ನು ಇಕ್ಕಳದಿಂದ ಎಳೆಯಬೇಕು. ಬಹಳ ಜನ ಬಿಡುವುದು ಅದನ್ನೇ. ಆಮೇಲೆ ಬಿಸಿನೀರಿಗೆ ಸ್ವಲ್ಪ ಸೋಪು ಹಾಕಿ ಬೇಗ ಜಾಲಿಸಿ ತೆಗೆಯುತ್ತೇನೆ. ಕುದಿಸಬಾರದು, ಕುದಿಸಿದರೆ ಎಳೆಗಳನ್ನು ಹಿಡಿದಿಟ್ಟ ಸೆರಿಸಿನ್ ಅನ್ನುವ ಅಂಟು ಬಿಟ್ಟು ಗೂಡು ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ. ನೆರಳಲ್ಲಿ ಒಂದು ವಾರ ಒಣಗಿಸಿ, ಕವರಿನಲ್ಲಿ ಮುಚ್ಚಿ, ಎರಡು ವಾರ ಫ್ರೀಜರ್. ಇಷ್ಟಾದ ಮೇಲೂ ಗೂಡು ರೇಷ್ಮೆಯೇ, ಆದ್ದರಿಂದ ಸೀರೆಗಳಿರುವ ಬೀರುವಿಗೆ ಆ ಪುಸ್ತಕ ಹೋಗಕೂಡದು, ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಅಂಗಡಿಯಲ್ಲಿ ಕರಕುಶಲಕ್ಕೆಂದು ಮಾರುವ ಗೂಡನ್ನೂ ಅಲ್ಲಾಡಿಸಿ ನೋಡಿ. ಸದ್ದು ಬಂದರೆ ಒಳಗೆ ಹುಳು ಇದೆ, ಪೊಟ್ಟಣದ ಮೇಲೆ ಏನೇ ಬರೆದಿರಲಿ.

ಮೈದಾ ಅಂಟನ್ನು ನಾನು ಬಿಟ್ಟಿದ್ದೇನೆ, ಬೆಳ್ಳಿಹುಳುವಿಗೆ ಅದು ಪ್ರಿಯ. ಮೈಲುತುತ್ತವನ್ನೂ ಬಿಟ್ಟೆ. ಮಕ್ಕಳ ಕೈಗೆ ಸಿಗುವ ಪುಸ್ತಕಕ್ಕೆ ವಿಷ ಬೇಡ, ಅದರಲ್ಲಿರುವ ತಾಮ್ರ ವರ್ಷಗಳು ಕಳೆದಂತೆ ಕಾಗದವನ್ನೂ ಕೆಡಿಸುತ್ತದೆ.

ಅಪ್ಪನ ಪುಸ್ತಕವನ್ನು ಬಿಚ್ಚಿ ಹಾಳೆ ಹಾಳೆ ಮಾಡಿ ಇಟ್ಟಿದ್ದೇನೆ. ಬಿಲ್ಲುಗಳ ತೂತಿಗೆ ಹಿಂದಿನಿಂದ ತೆಳು ಕಾಗದ ಕೊಟ್ಟು ನಿಧಾನವಾಗಿ ಸರಿಮಾಡುತ್ತಿದ್ದೇನೆ. ಉಳಿದ ನಾಲ್ಕನ್ನು ಸುಟ್ಟೆ.

ಜಾತ್ರೆಯಲ್ಲಿ ಮಾರಿದ ಎರಡು ಇನ್ನೂ ಸಿಕ್ಕಿಲ್ಲ. ಒಂದು ಕಡುಹಸಿರು ರಟ್ಟಿನದು, ಬೆನ್ನಿನ ಹೊಲಿಗೆ ಕೆಂಪು ದಾರದ್ದು, ಮೇಲೆ ಐದು ಹಳದಿ ಗೂಡಿನ ಹೂವು. ಅದನ್ನು ಕೊಂಡದ್ದು ಕಾಲೇಜಿನ ಹುಡುಗಿ, ಜೊತೆಗೆ ತಾಯಿ ಇದ್ದರು. ಇನ್ನೊಂದು ನೀಲಿಯದು, ಮೇಲೆ ಬಿಳಿ ಗೂಡು ಮೂರು, ನಡುವೆ ಅರಳಿ ಎಲೆಯ ಜಾಲರಿ. ಇಂಥ ಪುಸ್ತಕ ನಿಮ್ಮ ಮನೆಯಲ್ಲೋ ಪರಿಚಯದವರ ಮನೆಯಲ್ಲೋ ಕಂಡರೆ ದಯವಿಟ್ಟು ಇವತ್ತೇ ಕವರಿನಲ್ಲಿ ಹಾಕಿ ಮುಚ್ಚಿ, ಅದರ ಅಕ್ಕಪಕ್ಕ ಇಟ್ಟಿದ್ದ ಬಟ್ಟೆಗಳನ್ನು ಕೊಡವಿ ನೋಡಿ.