ವ್ಯಾನೋ, ಕಾರೋ? ಮಕ್ಕಳನ್ನು ಕಟ್ಟಿಕೊಂಡು ಉಲುರುವಿಗೆ

ಉಲುರು ಅಂದ್ರೆ ಆಸ್ಟ್ರೇಲಿಯಾದ ನಡುವಿನ ಮರುಭೂಮಿಯಲ್ಲಿರೋ ದೊಡ್ಡ ಕೆಂಪು ಬಂಡೆ. ಅಡಿಲೇಡ್‌ನಿಂದ ಅಲ್ಲಿಗೆ ರಸ್ತೆಯಲ್ಲಿ ಸುಮಾರು 1,600 ಕಿ.ಮೀ. ನಾವು ಎರಡು ಸಲ ಹೋಗಿ ಬಂದೆವು, ಎರಡೂ ಸಲ ಜುಲೈ ರಜೆಯಲ್ಲಿ. ಮೊದಲ ಸಲ ಬಾಡಿಗೆ ಕ್ಯಾಂಪರ್‌ವ್ಯಾನ್. ಆಗ ಮಗನಿಗೆ ಐದು, ಮಗಳಿಗೆ ಮೂರು ವರ್ಷ. ಎರಡು ವರ್ಷ ಬಿಟ್ಟು ನಮ್ಮದೇ ಕಾರಿನಲ್ಲಿ ಹೋಗಿ, ರಾತ್ರಿ ಕ್ಯಾಬಿನ್ ಅಥವಾ ಮೋಟೆಲ್‌ನಲ್ಲಿ ಉಳಿದೆವು.

ವ್ಯಾನ್ ನೋಡಿದ ಕೂಡಲೇ ಮನಸ್ಸು ಸೋಲುತ್ತೆ. ಒಲೆ, ಫ್ರಿಜ್, ಹಾಸಿಗೆ, ಎಲ್ಲಾ ಒಳಗೇ! ಆದರೆ ಸಂಜೆಯ ಕಥೆ ಕೇಳಿ. ಇಲ್ಲಿ ಏಳು ವರ್ಷದೊಳಗಿನ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ. ನಮ್ಮ ವ್ಯಾನಿನಲ್ಲಿ ಆ ಸೀಟು ಕಟ್ಟಿದ ಜಾಗವೇ ರಾತ್ರಿಯ ಹಾಸಿಗೆ. ಊರು ಮುಟ್ಟುವಾಗ ಇಬ್ಬರೂ ಗೊರಕೆ ಹೊಡೆಯುತ್ತಿರುತ್ತಾರೆ. ಅವರನ್ನು ಎಬ್ಬಿಸಿ, ಚಳಿಯಲ್ಲಿ ಹೊರಗೆ ನಿಲ್ಲಿಸಿ, ಸೀಟು ಬಿಚ್ಚಿ, ಹಲಗೆ ಜೋಡಿಸಿ, ಹಾಸಿಗೆ ಹಾಸುವಷ್ಟರಲ್ಲಿ ಎರಡೂ ರಾಗ ಶುರು. ಬೆಳಿಗ್ಗೆ ಮತ್ತೆ ಉಲ್ಟಾ. ಐದು ರಾತ್ರಿ ಇದೇ ಪಾಡು. ಮರುಭೂಮಿ ಅಂದ್ರೆ ಬಿಸಿಲು ಅಂದುಕೊಂಡಿದ್ದೆವು. ಆದರೆ ಜುಲೈ ಇಲ್ಲಿ ಚಳಿಗಾಲ, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಥಂಡಿಯೂ ಆಗುತ್ತೆ. ನಮ್ಮ ವ್ಯಾನಿನ ಹೀಟರ್ ಕರೆಂಟ್ ಇರೋ ಕ್ಯಾಂಪ್ ಜಾಗದಲ್ಲಿ ಮಾತ್ರ ಓಡುತ್ತಿತ್ತು. ಹಾಗಾಗಿ ಎಲ್ಲಿ ಬೇಕಾದ್ರೂ ಮಲಗಬಹುದು ಅನ್ನೋ ಮಾತು ಅಲ್ಲಿಗೇ ಮುಗೀತು.

ಕಾರಿನ ಸಲ? ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಹೋಗಿ ಹಾಸಿಗೆಗೆ ಹಾಕಿದ್ದು, ಅಷ್ಟೇ. ಕೂಬರ್ ಪೀಡಿಯಲ್ಲಿ ನೆಲದಡಿಯ ಕೋಣೆ ಹಿಡಿದಿದ್ದೆವು. ಓಪಲ್ ಅನ್ನೋ ರತ್ನದ ಗಣಿಗಳ ಊರು ಅದು, ಬಿಸಿಲಿಗೆ ಹೆದರಿ ಜನ ಬಂಡೆ ಕೊರೆದು ಒಳಗೇ ಮನೆ ಮಾಡಿಕೊಂಡಿದ್ದಾರೆ. ಕಿಟಕಿಯೇ ಇಲ್ಲ, ಬೆಳಕಾಗಿದ್ದೇ ಗೊತ್ತಾಗಲ್ಲ. ಮಕ್ಕಳು ಒಂಬತ್ತರವರೆಗೆ ಮಲಗಿದರು. ನಮಗೆ ಹಬ್ಬ! ವ್ಯಾನಿನಲ್ಲಿ ಆರಕ್ಕೇ ಎದ್ದು ಕೂರುತ್ತಿದ್ದರು. (ಎರಡು ವರ್ಷ ದೊಡ್ಡವರಾಗಿದ್ದರು ಅನ್ನೋ ಲೆಕ್ಕವನ್ನೂ ಹಿಡಿಯಬೇಕು ಅನ್ನಿ.)

ಹಗಲು ಮಾತ್ರ ವ್ಯಾನೇ ರಾಜ. ದಾರಿಯ ಪುಟ್ಟ ಊರು ಗ್ಲೆಂಡಾಂಬೊ ಬಿಟ್ಟರೆ ಕೂಬರ್ ಪೀಡಿವರೆಗೆ 250 ಕಿ.ಮೀ. ಪೆಟ್ರೋಲ್ ಬಂಕ್ ಇಲ್ಲ, ಅಂಗಡಿ ಇಲ್ಲ. ವ್ಯಾನಿನಲ್ಲಿ ಬಾಗಿಲು ಹಾಕಿಕೊಂಡು, ಬಿಸಿ ಅನ್ನಕ್ಕೆ ಮೊಸರು ಕಲಸಿ, ಆರಾಮಾಗಿ ಉಂಡೆವು. ಕಾರಿನ ಸಲ ಡಬ್ಬಿ ಚಿತ್ರಾನ್ನ ರಸ್ತೆ ಪಕ್ಕದ ಬೆಂಚಿನ ಮೇಲೆ. ಮುಚ್ಚಳ ತೆಗೆದದ್ದೇ ತಡ, ನೊಣ. ಸಾಸಿವೆ ಯಾವುದು, ನೊಣ ಯಾವುದು ಅಂತ ಮಗ ಕೇಳಿದ. ಕೊನೆಗೆ ಕಾರೊಳಗೇ ಕೂತು ತಿಂದೆವು, ಅರಿಶಿನದ ಕಲೆ ಇವತ್ತಿಗೂ ಸೀಟಿನ ಮೇಲಿದೆ.

ಖರ್ಚಿನಲ್ಲಿ ಕಾರೇ ಅಗ್ಗ ಬಿತ್ತು. ವ್ಯಾನ್ ಬಾಡಿಗೆಯೂ ಜಾಸ್ತಿ, ಡೀಸೆಲ್ ಕುಡಿಯೋದೂ ಜಾಸ್ತಿ. ಆದರೆ ಕ್ಯಾಬಿನ್ ಮೊದಲೇ ಬುಕ್ ಮಾಡಬೇಕು, ರಜೆಯಲ್ಲಿ ಕೊನೇ ಗಳಿಗೆಗೆ ಸಿಗಲ್ಲ. ದಾರಿಯ ಊರು ಪೋರ್ಟ್ ಆಗಸ್ಟಾದಲ್ಲಿ ಮಗಳಿಗೆ ವಾಂತಿ ಶುರುವಾಗಿ ಒಂದು ದಿನ ಹೆಚ್ಚು ನಿಂತೆವು. ಮುಂದಿನ ರಾತ್ರಿಯ ದುಡ್ಡು ಹೋಯ್ತು. ವ್ಯಾನಿನಲ್ಲಾಗಿದ್ದರೆ ಸುಮ್ನೆ ಅಲ್ಲೇ ಇರಬಹುದಿತ್ತು.

ಯಾವುದರಲ್ಲಿ ಹೋದರೂ ಹೊತ್ತು ಮುಳುಗುವ ಮೊದಲೇ ನಿಲ್ಲಿಸಿ. ಮುಸ್ಸಂಜೆಗೆ ಕಾಂಗರೂಗಳು ರಸ್ತೆಗೆ ಬರುತ್ತವೆ, ಎದುರಿಗೆ 50 ಮೀಟರಿಗಿಂತ ಉದ್ದದ ರೋಡ್ ಟ್ರೇನ್‌ಗಳು, ಅಂದ್ರೆ ಸಾಲು ಟ್ರೇಲರ್ ಎಳೆಯುವ ಲಾರಿಗಳು. ದಿನಕ್ಕೆ 400 ಕಿ.ಮೀ. ಮಕ್ಕಳಿಗೂ ಸಾಕು, ನಮಗೂ ಸಾಕು. ಕೂಬರ್ ಪೀಡಿ ದಿನ ಮಾತ್ರ ಈ ಲೆಕ್ಕ ಕೈಕೊಡುತ್ತೆ, ಪೋರ್ಟ್ ಆಗಸ್ಟಾದಿಂದ ಅದು 540.

ಮಗು ನಾಲ್ಕರ ಒಳಗಿದ್ದರೆ ನನ್ನ ಓಟು ಕಾರಿಗೆ. ಆದರೆ ಡಿಕ್ಕಿಯಲ್ಲಿ ಮಕ್ಕಳ ಪಾಟಿ (ಪುಟ್ಟ ಟಾಯ್ಲೆಟ್) ಇರಲಿ, ತಲೆಗೆ ಹಾಕುವ ನೊಣದ ಬಲೆಯೂ ಇರಲಿ. ಬಲೆ ಊರಲ್ಲೇ ಕೊಳ್ಳಿ. ನಮಗೆ ದಾರಿಯಲ್ಲಿ ಮಕ್ಕಳ ಅಳತೆಯದು ಸಿಗದೆ, ಮಗಳು ದೊಡ್ಡವರದ್ದನ್ನೇ ಸೊಂಟದವರೆಗೆ ಇಳಿಬಿಟ್ಟುಕೊಂಡು ಉಲುರು ಸುತ್ತಿದಳು.