ಶಾಕ್ ಪೆನ್ನು, ಶಾಕ್ ಯಂತ್ರ, ಸೊಳ್ಳೆ ಬ್ಯಾಟು: ಜಾದೂಗೆ ಯಾವುದು ಸರಿ, ಯಾವುದು ಬೇಡ

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ ಆಟಿಕೆ ಸಾಲಿನಲ್ಲಿ, ಸೂಪರ್ ಮಾರ್ಕೆಟ್ ಕಡೆಯ ಬೀದಿಬದಿ ಅಂಗಡಿಗಳಲ್ಲಿ ಶಾಕ್ ಹೊಡೆಯುವ ಪೆನ್ನು ಸಿಗುತ್ತದೆ. ಅದೇ ಸಾಮಾನು ಚ್ಯೂಯಿಂಗ್ ಗಮ್ ಪಾಕೀಟಿನ, ಲೈಟರಿನ ವೇಷದಲ್ಲೂ ಬರುತ್ತದೆ. ಅಪಾಯ ಇಲ್ಲವೇ ಎಂದು ಕೇಳಿದರೆ "ಏನೂ ಆಗಂಗಿಲ್ರಿ, ಬರೇ ಝುಮ್ ಅಂತದ" ಎನ್ನುತ್ತಾರೆ. ಪೆನ್ನನ್ನು ಒಬ್ಬರು ಒಂದೇ ಕೈಯಲ್ಲಿ ಹಿಡಿದಿರುವ ತನಕ ಆ ಮಾತು ಬಹುಪಾಲು ನಿಜ. ಗಣೇಶೋತ್ಸವದಲ್ಲಿ, ಶಾಲೆಯ ಗ್ಯಾದರಿಂಗ್‌ನಲ್ಲಿ ಜಾದೂ ಮಾಡುವವರು ಆ ಗಡಿ ದಾಟುವುದು ಹೆಚ್ಚಾಗಿ ಗೊತ್ತಿಲ್ಲದೆ. ಅದಕ್ಕೇ ಈ ವಿಮರ್ಶೆ.

ಮೊದಲು ಪೆನ್ನು. ತಿರುಪು ಬಿಚ್ಚಿದರೆ ರಿಫಿಲ್ ಇರಬೇಕಾದ ಜಾಗದಲ್ಲಿ ಗುಂಡಿ ಸೆಲ್ಲುಗಳು ಒಂದರ ಮೇಲೊಂದು ಕೂತಿರುತ್ತವೆ. ಸಾಮಾನ್ಯವಾಗಿ 1.5 ವೋಲ್ಟಿನ ಎಲ್‌ಆರ್44 ಮೂರು, ಒಟ್ಟು 4.5 ವೋಲ್ಟ್. ಅದರ ಪಕ್ಕ ಉಗುರಿನಗಲದ ಬೋರ್ಡು, ಒಂದು ಟ್ರಾನ್ಸಿಸ್ಟರು, ಟೇಪು ಸುತ್ತಿದ ಕಡಲೆಕಾಳಿನಷ್ಟು ಟ್ರಾನ್ಸ್‌ಫಾರ್ಮರು. ಟ್ರಾನ್ಸಿಸ್ಟರು ಕರೆಂಟನ್ನು ಕಡಿದು ಕಡಿದು ಬಿಡುತ್ತದೆ, ಟ್ರಾನ್ಸ್‌ಫಾರ್ಮರು ಅದನ್ನು ನೂರಾರು ವೋಲ್ಟಿನ ಸಣ್ಣ ಸಣ್ಣ ಹೊಡೆತಗಳಾಗಿ ಏರಿಸುತ್ತದೆ. ಒಂದು ತುದಿ ಹೆಬ್ಬೆರಳು ಒತ್ತುವ ಲೋಹದ ಗುಂಡಿಗೆ, ಇನ್ನೊಂದು ಪೆನ್ನಿನ ಮೈಗೆ. ಒತ್ತಿದಾಗ ಕರೆಂಟು ಹೆಬ್ಬೆರಳಿನಿಂದ ಪಕ್ಕದ ಬೆರಳಿಗೆ ದಾಟಿ ಅಲ್ಲೇ ಮುಗಿಯುತ್ತದೆ. ಎದೆಯ ಕಡೆ ಹೋಗುವುದಿಲ್ಲ. ಇಷ್ಟು ಸಣ್ಣ ಸೆಲ್ಲಿಗೆ ಹೆಚ್ಚು ಕರೆಂಟು ಕೊಡುವ ತ್ರಾಣವೂ ಇಲ್ಲ.

ಕೆಡುವುದು ಮೂರು ಕಡೆ. ಗುಂಡಿಯ ಕೆಳಗಿನ ಸ್ಪ್ರಿಂಗು ಬಾಗಿ ಸಿಕ್ಕಿಕೊಂಡರೆ ಬೆರಳು ಎತ್ತಿದರೂ ಶಾಕ್ ನಿಲ್ಲುವುದಿಲ್ಲ. ಕೊಳ್ಳುವಾಗ ಹತ್ತಿಪ್ಪತ್ತು ಸಲ ಒಣ ಪೆನ್ಸಿಲಿನ ಮರದ ತುದಿಯಿಂದ ಒತ್ತಿ, ಗುಂಡಿ ಪ್ರತಿ ಸಲ ಪುಟಿದು ಮೇಲೆ ಬರುತ್ತದೋ ನೋಡಬೇಕು. ಎರಡನೆಯದು, ಜೋರಾಗಲಿ ಎಂದು 9 ವೋಲ್ಟಿನ ಬ್ಯಾಟರಿಯ ತಂತಿ ಬೆಸೆಯುವುದು. ಆ ಟ್ರಾನ್ಸ್‌ಫಾರ್ಮರು ಅಷ್ಟಕ್ಕೆ ಮಾಡಿದ್ದಲ್ಲ. ಹೊಡೆತದ ಅಳತೆ ತಪ್ಪುತ್ತದೆ, ಬೋರ್ಡು ಬಿಸಿಯಾಗುತ್ತದೆ. ಮೂರನೆಯದು ಎಲ್ಲಕ್ಕಿಂತ ಹೆಚ್ಚು ನಡೆಯುವಂಥದು: ಹತ್ತು ಜನ ಕೈ ಕೈ ಹಿಡಿದು ನಿಂತು ಎರಡು ತುದಿಯವರು ಪೆನ್ನು ಮುಟ್ಟುವ ಆಟ. 1746ರಲ್ಲಿ ಫ್ರಾನ್ಸಿನ ನೊಲೆ ಎಂಬ ಪಾದ್ರಿ 180 ಕಾವಲು ಸೈನಿಕರನ್ನು ಹೀಗೇ ಸಾಲಾಗಿ ನಿಲ್ಲಿಸಿ, ರಾಜನ ಮುಂದೆ ಲೇಡನ್ ಜಾಡಿಯ (ವಿದ್ಯುತ್ತು ತುಂಬಿಡುವ ಗಾಜಿನ ಜಾಡಿ) ಹೊಡೆತದಿಂದ ಒಟ್ಟಿಗೆ ನೆಗೆಸಿದ್ದ. ಸಾಲು ಉದ್ದವಾದಷ್ಟೂ ಕರೆಂಟು ಕುಗ್ಗುತ್ತದೆ ಎಂಬುದು ಸರಿ. ಆದರೆ ಅದು ಸಾಲಿನ ಪ್ರತಿಯೊಬ್ಬರ ಒಂದು ಕೈಯಿಂದ ಇನ್ನೊಂದು ಕೈಗೆ, ಎದೆಯ ಮೂಲಕವೇ ಹಾದು ಹೋಗುತ್ತದೆ. ಸಾಲಿನಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರು ಯಾರಿದ್ದಾರೆ ಎಂದು ವೇದಿಕೆಯ ಮೇಲಿನಿಂದ ಕಾಣುವುದಿಲ್ಲ. ಸಾಲಿನ ಆಟ ಬಿಟ್ಟುಬಿಡಿ.

ವೋಲ್ಟಿನ ಸಂಖ್ಯೆ ನೋಡಿ ಹೆದರುವುದೂ ಧೈರ್ಯ ತಂದುಕೊಳ್ಳುವುದೂ ಎರಡೂ ತಪ್ಪು. ಮೈಯಲ್ಲಿ ಎಷ್ಟು ಮಿಲಿಆಂಪಿಯರ್ (ಆಂಪಿಯರಿನ ಸಾವಿರದ ಒಂದು ಪಾಲು) ಕರೆಂಟು ಹರಿಯಿತು, ಎಷ್ಟು ಹೊತ್ತು, ಯಾವ ದಾರಿಯಲ್ಲಿ ಎಂಬುದೇ ಮುಖ್ಯ. ಮನೆಯ ಕರೆಂಟಿನಲ್ಲಿ ಅರ್ಧ ಮಿಲಿಆಂಪಿಯರ್ ಹರಿದರೆ ಜುಮುಗುಡುತ್ತದೆ. ಸುಮಾರು 10ಕ್ಕೆ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲಾಗುವುದಿಲ್ಲ. ಜೀವ ಉಳಿಸಲೆಂದು ಮನೆಗೆ ಹಾಕಿಸುವ ಬ್ರೇಕರು 30 ಮಿಲಿಆಂಪಿಯರ್ ಸೋರಿದರೆ ಬೀಳುವಂತೆ ಮಾಡಿರುವುದು ಸುಮ್ಮನೆ ಅಲ್ಲ. ಏಪ್ರಿಲ್, ಮೇ ತಿಂಗಳ ಇಲ್ಲಿನ ಸೆಕೆಯಲ್ಲಿ ಅಂಗೈ ಬೆವತಿದ್ದರೆ ಚರ್ಮದ ತಡೆ ಇಳಿಯುತ್ತದೆ. ಅದೇ ಪೆನ್ನು, ಅದೇ ಸೆಲ್ಲು, ಶಾಕ್ ಮಾತ್ರ ಜೋರು. ಕೈ ಒರೆಸಿಕೊಳ್ಳಲು ಒಂದು ಟವೆಲ್ಲು ಇಟ್ಟುಕೊಳ್ಳಿ.

ಎರಡನೆಯ ಸಾಧನ ಜಾದೂಗಾರರಿಗೆಂದೇ ಮಾರುವ, ಅಂಗಿಯೊಳಗೆ ಕಟ್ಟಿಕೊಳ್ಳುವ ಸ್ಥಾಯಿ (ಸ್ಟ್ಯಾಟಿಕ್) ವಿದ್ಯುತ್ತಿನ ಯಂತ್ರ. ದುಬಾರಿ, ಆದರೆ ವಿನ್ಯಾಸ ಮೆಚ್ಚುವಂಥದು. ಬ್ಯಾಟರಿಯಿಂದ ಸಾವಿರಾರು ವೋಲ್ಟು ಮಾಡಿ ಜಾದೂಗಾರನ ಮೈಯಲ್ಲೇ ತುಂಬುತ್ತದೆ. ರಬ್ಬರ್ ಅಟ್ಟೆಯ ಬೂಟು ಹಾಕಿದ್ದರೆ ಅದು ಅಲ್ಲೇ ನಿಲ್ಲುತ್ತದೆ, ಎದುರಿನವರ ಬೆರಳು ಹತ್ತಿರ ಬಂದೊಡನೆ ಚಟ್ ಎಂದು ಕಿಡಿ. ಮನುಷ್ಯನ ಮೈ ವಿದ್ಯುತ್ತು ಹಿಡಿದಿಟ್ಟುಕೊಳ್ಳುವ ಅಳತೆ ತೀರ ಸಣ್ಣದು, ಸುಮಾರು 100 ಪಿಕೋಫ್ಯಾರಡ್. 10,000 ವೋಲ್ಟು ತುಂಬಿದರೂ ಲೆಕ್ಕ ಹಾಕಿದರೆ 5 ಮಿಲಿಜೌಲ್ ಶಕ್ತಿ, ಅದೂ ಕಣ್ಣು ಮಿಟುಕಿಸುವುದರೊಳಗೆ ಖಾಲಿ. ಆರೋಗ್ಯವಂತರಿಗೆ ಚುಚ್ಚಿದ ಹಾಗಾಗುತ್ತದೆ, ಅಷ್ಟೇ. ಅದೇ ಶಾಕ್ ಜಾದೂಗಾರನಿಗೂ ತಗಲುತ್ತದೆ ಎಂಬುದನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಈ ಯಂತ್ರ ಕೈಕೊಡುವುದು ತೇವದಲ್ಲಿ. ಈಗಷ್ಟೇ ಒರೆಸಿದ ಶಹಾಬಾದ್ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನಿಂತರೆ ತುಂಬಿದ್ದೆಲ್ಲ ಸೋರಿಹೋಗುತ್ತದೆ. ಬೇಸಿಗೆಯಲ್ಲಿ ಸಭಾಂಗಣದ ಕೂಲರಿನ ತಂಪು ಗಾಳಿ ನೇರ ಬೀಸುವ ಕಡೆ ನಿಂತರೂ ಅಷ್ಟೇ. ಚಳಿಗಾಲದ ಒಣ ಹವೆಯಲ್ಲಿ ಇದೇ ಯಂತ್ರ ನಿರೀಕ್ಷೆಗಿಂತ ಜೋರಾಗಿ ಹೊಡೆಯುತ್ತದೆ, ಆದ್ದರಿಂದ ಪ್ರತಿ ಆಟಕ್ಕೂ ಮುಂಚೆ ನಲ್ಲಿಯ ಲೋಹದ ಮೇಲೆ ಕಿಡಿ ಬಿಟ್ಟು ನೋಡಬೇಕು. ಇನ್ನೊಂದು ಎಚ್ಚರ ದೊಡ್ಡದು: ಅಡುಗೆ ಅನಿಲಕ್ಕೆ ಹೊತ್ತಿಕೊಳ್ಳಲು ಕಾಲು ಮಿಲಿಜೌಲ್ ಕಿಡಿ ಸಾಕು, ಸ್ಯಾನಿಟೈಸರ್ ಆವಿಗೂ ಒಂದು ಮಿಲಿಜೌಲ್ ಬೇಕಿಲ್ಲ. ಮಿರ್ಚಿ ಭಜಿ ಬಂಡಿಯ ಸಿಲಿಂಡರಿನ ಪಕ್ಕ, ಆಗಷ್ಟೇ ಸ್ಯಾನಿಟೈಸರ್ ಹಚ್ಚಿಕೊಂಡ ಕೈಯ ಮೇಲೆ ಈ ಆಟ ಬೇಡ. ಪವಾಡ ಬಯಲು ಕಾರ್ಯಕ್ರಮ ಮಾಡುವವರಿಗೆ, "ಮುಟ್ಟಿದರೆ ಶಕ್ತಿ ಹರಿಯುತ್ತದೆ" ಎನ್ನುವ ಬಾಬಾಗಳ ಗುಟ್ಟು ತೋರಿಸಲು, ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಸೊಳ್ಳೆ ಬ್ಯಾಟು ಬಿಚ್ಚಿ ಮಾಡಿದ "ಶಾಕ್ ಡಬ್ಬಿ"ಗೆ ನಮ್ಮ ಅಂಕ ಸೊನ್ನೆ. ಅದರೊಳಗೆ ವಿದ್ಯುತ್ತು ಹಿಡಿದಿಡುವ ಕೆಪಾಸಿಟರು ಸಾವಿರ ವೋಲ್ಟಿನ ಆಸುಪಾಸು ತುಂಬಿಕೊಳ್ಳುತ್ತದೆ. ಅದನ್ನು ಇಳಿಸುವ ರೆಸಿಸ್ಟರನ್ನು ಅಗ್ಗದ ಎಷ್ಟೋ ಬ್ಯಾಟುಗಳಲ್ಲಿ ಹಾಕಿರುವುದೇ ಇಲ್ಲ, ಹಾಗಾಗಿ ಗುಂಡಿ ಬಿಟ್ಟ ಮೇಲೂ ಹೊಡೆಯುತ್ತದೆ. ಇನ್ನೂ ಕೆಟ್ಟದ್ದೆಂದರೆ, ಪ್ಲಗ್ಗಿನ ಕಾಲು ಹೊರಗೆ ಬರುವ ಅನೇಕ ಬ್ಯಾಟುಗಳಲ್ಲಿ ಚಾರ್ಜಿಂಗ್ ಭಾಗಕ್ಕೂ 230 ವೋಲ್ಟಿಗೂ ನಡುವೆ ಟ್ರಾನ್ಸ್‌ಫಾರ್ಮರಿನ ಅಡ್ಡಗೋಡೆ ಇಲ್ಲ. ಚಾರ್ಜಿಗೆ ಹಾಕಿದಾಗ ಒಳಗಿನ ತಂತಿ ಮುಟ್ಟಿದವರು ಮುಟ್ಟಿದ್ದು ಮನೆಯ ಲೈನನ್ನೇ. ಹಳೆಯ ಕ್ಯಾಮೆರಾ ಫ್ಲ್ಯಾಶಿನ ಕೆಪಾಸಿಟರು ಬಳಸುವುದು ಇದಕ್ಕಿಂತ ಘೋರ: 300 ವೋಲ್ಟಿಗೂ ಮೇಲೆ, ಹಲವು ಜೌಲ್. ಸ್ಥಾಯಿ ಯಂತ್ರದ ಕಿಡಿಗಿಂತ ಸಾವಿರ ಪಟ್ಟು.

ಗೋಡೆಯ ಪ್ಲಗ್ಗಿನಿಂದ ತಂತಿ ತಂದು, ನಡುವೆ 60 ವ್ಯಾಟಿನ ಬಲ್ಬು ಹಾಕಿದ್ದೇವೆ, ಏನೂ ಆಗದು ಎನ್ನುವವರಿದ್ದಾರೆ. ಆ ಬಲ್ಬು 260 ಮಿಲಿಆಂಪಿಯರ್ ತನಕ ಬಿಡುತ್ತದೆ. ಡಿಮ್ಮರೂ ರಕ್ಷಣೆ ಅಲ್ಲ.

ಯಾವ ಸಾಧನವಾದರೂ ಪ್ರೇಕ್ಷಕರನ್ನು ಕರೆಯುವಾಗ ಮುಂಚೆಯೇ ಬಾಯಿಬಿಟ್ಟು ಹೇಳಿ: "ಸಣ್ಣ ಶಾಕ್ ಹೊಡೀತದ, ಒಪ್ಪಿಗೆ ಅದನೇನ್ರಿ?" 1856ರಲ್ಲಿ ಅಲ್ಜೀರಿಯಾದಲ್ಲಿ ಫ್ರೆಂಚ್ ಜಾದೂಗಾರ ರಾಬರ್ಟ್ ಹುಡಿನ್ ಪೆಟ್ಟಿಗೆಯ ಹಿಡಿಕೆಗೆ ಕರೆಂಟು ಬಿಟ್ಟು ಬಲಶಾಲಿಯೊಬ್ಬನನ್ನು ಹೇಳದೆ ಕೇಳದೆ ಕೆಡವಿದ್ದು ಹಳೆ ಕಾಲದ ಮಾತು, ಇಂದು ಅನುಸರಿಸುವಂಥದಲ್ಲ. ಹೃದಯದ ತೊಂದರೆ, ಪೇಸ್‌ಮೇಕರ್, ಮೂರ್ಛೆ ರೋಗ, ಗರ್ಭ ಇದ್ದವರು ಬೇಡ, ಮಕ್ಕಳೂ ಬೇಡ. ಕೈಯಲ್ಲಿ ಚಹಾ ಕಪ್ಪು ಇರಬಾರದು, ವೇದಿಕೆಯ ಅಂಚಿನಿಂದ ಎರಡು ಹೆಜ್ಜೆ ಒಳಗೆ ನಿಲ್ಲಿಸಬೇಕು. ಇಂಥ ಆಟದಲ್ಲಿ ಗಾಯ ಆಗುವುದು ಕರೆಂಟಿಗಿಂತ ಬೆಚ್ಚಿ ಬೀಳುವುದರಿಂದ. ಬಿದ್ದವರು ಉಸಿರಾಡದಿದ್ದರೆ ತಕ್ಷಣ ಎದೆ ಒತ್ತಲು ಶುರುಮಾಡಿ, ಪಕ್ಕದವರಿಂದ 108ಕ್ಕೆ ಫೋನ್ ಮಾಡಿಸಿ.

ಕೊಳ್ಳುವವರಿಗೆ ಇನ್ನೆರಡು ಮಾತು. 2021ರ ಜನವರಿಯಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ, ವಿದ್ಯುತ್ ಆಟಿಕೆಗಳ ಮಾನಕ 24 ವೋಲ್ಟಿಗೆ ಮೇಲಿನದನ್ನು ಒಪ್ಪುವುದಿಲ್ಲ. ಶಾಕ್ ಪೆನ್ನು ಮಕ್ಕಳ ಸಾಮಾನೇ ಅಲ್ಲ. ಸೆಲ್ಲಿನ ಮುಚ್ಚಳಕ್ಕೆ ತಿರುಪು ಇರುವುದನ್ನೇ ಆರಿಸಿ. ಗುಂಡಿ ಸೆಲ್ಲು ನುಂಗಿದ ಮಗುವಿನ ಅನ್ನನಾಳ ಸುಡಲು ಎರಡು ತಾಸು ಸಾಕು. ಆಟ ಮುಗಿದೊಡನೆ ಸೆಲ್ಲು ತೆಗೆದು ಬೇರೆ ಡಬ್ಬಿಗೆ ಹಾಕಿ, ಪೆನ್ನಿಗೆ ಕೆಂಪು ಟೇಪು ಸುತ್ತಿ ಮೇಲಿನ ಅಟ್ಟದಲ್ಲಿಡಿ. ನೋಡಲು ಅದು ಪೆನ್ನೇ ಆದ್ದರಿಂದ, ಮರುದಿನ ಬೆಳಿಗ್ಗೆ ಯಾರದೋ ಕಂಪಾಸ್ ಪೆಟ್ಟಿಗೆ ಸೇರಿಬಿಡುತ್ತದೆ.